ರಕ್ತದ ಕಾಯಿಲೆ, ವೀಡಿಯೊ ಡಾಕ್ಟರು ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಮೈಸೂರಿನ ರಾಜೀವನಗರದಲ್ಲಿ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಡಾಕ್ಟರಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಹೊಲಕ್ಕಿಳಿದವನು. ಎರಡು ಎಕರೆ ಜಮೀನು, ನಾಲ್ಕು ಹಸು, ಜೊತೆಗೆ ನೀವು ಕೊಟ್ಟ ಈ ನಿರ್ದೇಶಕ ಸ್ಥಾನ, ಇಷ್ಟೇ ನನ್ನ ಆಸ್ತಿ. ಇಂಥವನು ರಕ್ತದ ಕಾಯಿಲೆಯ ಬಗ್ಗೆ ಏನು ಮಾತಾಡ್ತಾನೆ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಔಷಧಿಯ ವಿಷಯ ಹೇಳೋದಕ್ಕೆ ನಾನು ನಿಂತಿಲ್ಲ. ನನ್ನ ಭಾವನವರಿಗೆ ರಕ್ತದ ಕಾಯಿಲೆ ಬಂದ ಮೇಲೆ, ಅದೇ ರೀತಿ ತೊಂದರೆ ಇರುವ ಕೆಲವು ಮನೆಯವರ ಪರಿಚಯ ನನಗಾಯಿತು. ಈಗ ಅವರೆಲ್ಲ ಫೋನಿನ ವೀಡಿಯೊದಲ್ಲಿ ಡಾಕ್ಟರನ್ನು ನೋಡುತ್ತಾರೆ. ಅವರ ಅನುಭವವನ್ನು ನಿಮ್ಮ ಮುಂದೆ ಇಟ್ಟು, ಕೊನೆಯಲ್ಲಿ ಸಂಘದ ಹತ್ತಿರ ಒಂದು ವಿಷಯ ಕೇಳಿಕೊಳ್ಳಬೇಕು ಅಂತ ಬಂದಿದ್ದೇನೆ.

ನಮ್ಮ ಊರಿಗೂ ರಾಜೀವನಗರಕ್ಕೂ ಸಂಬಂಧ ಹೊಸದಲ್ಲ. ಸಂಘ ಹುಟ್ಟುವುದಕ್ಕೆ ಮೊದಲು ನಮ್ಮ ಅಪ್ಪಂದಿರು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಇಲ್ಲಿನ ಮನೆಗಳಿಗೆ ವರ್ತನೆ ಹಾಲು ಹಾಕುತ್ತಿದ್ದರು. ಈಗ ಊರು ಯಾವುದು, ಬಡಾವಣೆ ಯಾವುದು ಅಂತ ಗೆರೆ ಎಳೆಯುವುದೇ ಕಷ್ಟ. ನಮ್ಮ ಸದಸ್ಯರ ಮಕ್ಕಳು ಎಷ್ಟೋ ಜನ ಇಲ್ಲೇ ಮನೆ ಮಾಡಿದ್ದಾರೆ. ಆದ್ದರಿಂದ ಎರಡು ಕಡೆಯವರನ್ನೂ ಸೇರಿಸಿಯೇ ಮಾತಾಡುತ್ತೇನೆ.

ಮೊದಲು ರಕ್ತದ ಕಾಯಿಲೆ ಅಂದರೇನು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ. ಎಲ್ಲರಿಗೂ ಗೊತ್ತಿರುವುದು ರಕ್ತಹೀನತೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನಕ್ಕೆ ರಕ್ತಹೀನತೆ ಇದೆ. ಅಂದರೆ ಈ ಸಭೆಯಲ್ಲಿ ಕೂತಿರುವ ತಾಯಂದಿರಲ್ಲಿ ಹತ್ತಿರಹತ್ತಿರ ಅರ್ಧ ಜನ ಅಂತ ಲೆಕ್ಕ. ಇದು ಬಿಟ್ಟರೆ ಹುಟ್ಟಿನಿಂದ ಬರುವ ಕಾಯಿಲೆಗಳಿವೆ. ಥಲಸ್ಸೀಮಿಯಾ ಜೋರಾಗಿದ್ದರೆ ಮಗುವಿಗೆ ಎರಡು ವಾರದಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಕೊಡಿಸಬೇಕು. ಹೀಮೋಫಿಲಿಯಾ ಇದ್ದರೆ ಪೆಟ್ಟಾದಾಗ ರಕ್ತ ಬೇಗ ನಿಲ್ಲುವುದಿಲ್ಲ, ಕೀಲಿನ ಒಳಗೆ ತುಂಬಿಕೊಳ್ಳುತ್ತದೆ. ಸಿಕಲ್ ಸೆಲ್ ಅಂತ ಇನ್ನೊಂದು. ಅದರಲ್ಲಿ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ ನಾಳದಲ್ಲಿ ಸಿಕ್ಕಿಕೊಂಡು ಸಹಿಸಲಾರದ ನೋವು ಕೊಡುತ್ತದೆ. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಗಿರಿಜನರಲ್ಲಿ ಇದು ಕಾಣುತ್ತದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹದೋಲ್‌ನಲ್ಲಿ ಇದರ ನಿರ್ಮೂಲನೆಗೆ ಒಂದು ರಾಷ್ಟ್ರೀಯ ಅಭಿಯಾನವನ್ನೇ ಶುರು ಮಾಡಿತು. ಇವೆಲ್ಲದರ ಜೊತೆಗೆ ನಾನಾ ಬಗೆಯ ರಕ್ತದ ಕ್ಯಾನ್ಸರುಗಳಿವೆ.

ಈ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಇರುವ ಒಂದು ಸಮಾನ ಗುಣ ಏನೆಂದರೆ, ಒಂದು ಸಲ ಆಸ್ಪತ್ರೆಗೆ ಹೋಗಿ ಬಂದರೆ ಮುಗಿಯುವುದಿಲ್ಲ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಹೋಗುತ್ತಲೇ ಇರಬೇಕು. ರಕ್ತದ ಕಾಯಿಲೆಗೆಂದೇ ಓದಿದ ಡಾಕ್ಟರುಗಳು ಇರುವುದೇ ಕಡಿಮೆ. ಇರುವವರೂ ದೊಡ್ಡ ಪಟ್ಟಣಗಳಲ್ಲಿ. ಆದ್ದರಿಂದ ವೀಡಿಯೊ ಡಾಕ್ಟರು ಬಂದದ್ದು ಈ ರೋಗಿಗಳ ಪಾಲಿಗೆ ಸಣ್ಣ ವಿಷಯವಲ್ಲ.

ನಮ್ಮ ಸಂಘಕ್ಕೆ 25 ವರ್ಷ. ನಮ್ಮ ಸೀಮೆಯಲ್ಲಿ ದೂರದಿಂದ ವೈದ್ಯ ಮಾಡುವ ಪದ್ಧತಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. 2001–02ರ ಹೊತ್ತಿಗೆ ಇಸ್ರೋ ಸಂಸ್ಥೆ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಸಂಪರ್ಕ ಕಲ್ಪಿಸಿತು. ಆಗ ಅದು ಮುಖ್ಯವಾಗಿ ಹೃದಯದ ಕಾಯಿಲೆಗೆ. ಸರಗೂರಿನಲ್ಲಿ ತೆಗೆದ ಇಸಿಜಿ ಬೆಂಗಳೂರಿನ ಡಾಕ್ಟರಿಗೆ ಕಾಣುತ್ತಿತ್ತು. ಆಮೇಲೆ ಕೊರೊನಾ ಬಂತು. 2020ರ ಮಾರ್ಚ್ 25ಕ್ಕೆ ದೇಶವೆಲ್ಲ ಬಾಗಿಲು ಹಾಕಿತು. ಅದೇ ದಿನ ಕೇಂದ್ರ ಸರ್ಕಾರ ದೂರವೈದ್ಯಕೀಯದ ನಿಯಮಗಳನ್ನು ಪ್ರಕಟಿಸಿತು. ಡಾಕ್ಟರು ಫೋನು ಅಥವಾ ವೀಡಿಯೊದಲ್ಲಿ ನೋಡಿ ಔಷಧಿ ಚೀಟಿ ಕೊಡಬಹುದು ಅಂತ ಆಯಿತು. ಏಪ್ರಿಲ್‌ನಲ್ಲಿ ಇ-ಸಂಜೀವಿನಿ ಅನ್ನುವ ಸರ್ಕಾರದ ಉಚಿತ ವ್ಯವಸ್ಥೆ ಮನೆಮನೆಯ ರೋಗಿಗಳಿಗೂ ತೆರೆಯಿತು. ಉಪಗ್ರಹದ ಆಸ್ಪತ್ರೆಯಲ್ಲಿದ್ದದ್ದು ನಮ್ಮ ಜೇಬಿನ ಫೋನಿಗೇ ಬಂತು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಇಸಿಜಿ ತಂತಿಯಲ್ಲಿ ಹೋಗುತ್ತದೆ. ರಕ್ತ ಹೋಗುವುದಿಲ್ಲ. ನಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕೆಂದರೆ, ಕ್ಯಾನಿನ ಫೋಟೋ ತೆಗೆದು ಕಾರ್ಯದರ್ಶಿಗೆ ಕಳಿಸಿ, ಫ್ಯಾಟ್ ಎಷ್ಟು ಬಂತು ಅಂತ ಕೇಳಿದರೆ ಏನು ಹೇಳ್ತಾರೆ? ಸ್ಯಾಂಪಲ್ ತಗೊಂಡು ಬಾರಪ್ಪ ಅಂತಾರೆ. ರಕ್ತದ ಕಾಯಿಲೆಯೂ ಹಾಗೇ. ಹೀಮೋಗ್ಲೋಬಿನ್, ಪ್ಲೇಟ್‌ಲೆಟ್, ಬಿಳಿ ಕಣ, ಇವುಗಳ ಲೆಕ್ಕ ಮುಖ ನೋಡಿದರೆ ಸಿಗುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಫೋನು ಹಿಡಿದರೆ ಆರೋಗ್ಯವಂತನ ಮುಖವೂ ಬಿಳಿಚಿಕೊಂಡಂತೆ ಕಾಣುತ್ತದೆ. ಕತ್ತಿನ ಗಂಟು, ಎಡಪಕ್ಕೆಯ ಕೆಳಗಿನ ಗುಲ್ಮ ಊದಿದೆಯೇ ಅಂತ ಕೈಯಿಂದಲೇ ಒತ್ತಿ ನೋಡಬೇಕು. ಹಾಗಾಗಿ ರಕ್ತಪರೀಕ್ಷೆ ಹತ್ತಿರದಲ್ಲಿ ಮಾಡಿಸಿ, ಅದರ ಕಾಗದ ಡಾಕ್ಟರ ಕೈಗೆ ಮೊದಲೇ ಸೇರಿ, ಆಮೇಲೆ ಮಾತುಕತೆ ಆದರೆ ಮಾತ್ರ ವೀಡಿಯೊದಿಂದ ಪ್ರಯೋಜನ.

ಈಗ ಅನುಭವಕ್ಕೆ ಬರುತ್ತೇನೆ. ನನ್ನ ಭಾವನವರಿಗೆ ಇರುವುದು ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರು. ಹೆದರಬೇಡಿ, ಇದು ದಿನಕ್ಕೊಂದು ಮಾತ್ರೆಯಲ್ಲಿ ಹಿಡಿತಕ್ಕೆ ಬರುವ ಜಾತಿ. ಇಮ್ಯಾಟಿನಿಬ್ ಅಂತ ಆ ಮಾತ್ರೆಯ ಹೆಸರು. ವರ್ಷಗಟ್ಟಲೆ ಬಿಡದೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಆಗಬೇಕು. ಮೊದಲು ಅವರು ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತಿದ್ದರು. ಹಿಂದಿನ ರಾತ್ರಿಯೇ ಹೊರಡಬೇಕು. ಎರಡು ಹೊತ್ತಿನ ಹಾಲು ಕರೆಯಲು ಬೇರೆಯವರನ್ನು ಗೊತ್ತು ಮಾಡಬೇಕು. ಅಪರಿಚಿತ ಕೈ ಅಂದರೆ ಹಸು ಹಾಲು ಇಳಿಸೋದಿಲ್ಲ. ಅಷ್ಟೆಲ್ಲ ಮಾಡಿ ಹೋದರೆ ಡಾಕ್ಟರ ಮುಂದೆ ಕೂರುವುದು ಏಳೋ ಎಂಟೋ ನಿಮಿಷ. ಈಗ ಒಂದು ಸಲ ವೀಡಿಯೊ, ಒಂದು ಸಲ ಖುದ್ದಾಗಿ ಹೋಗುವುದು ಅಂತ ಡಾಕ್ಟರೇ ಒಪ್ಪಿದ್ದಾರೆ. ಅರ್ಧ ಓಡಾಟ ಉಳಿದಿದೆ.

ಆದರೂ ಭಾವನವರು ಎರಡು ಮಾತು ಹೇಳ್ತಾರೆ. ಮೊದಲನೆಯದು, ಆಸ್ಪತ್ರೆಯ ಸಾಲು ಕಣ್ಣಿಗೆ ಕಾಣುತ್ತೆ, ಫೋನಿನ ಸಾಲು ಕಾಣೋದಿಲ್ಲ. ಹತ್ತು ಗಂಟೆಗೆ ಕರೆ ಬರುತ್ತೆ ಅಂತಾರೆ. ಹನ್ನೊಂದಾಗುತ್ತೆ, ಒಂದಾಗುತ್ತೆ. ನಮ್ಮನ್ನು ಮರೆತರೋ, ಇನ್ನೂ ನಾಲ್ಕು ಜನ ಮುಂದಿದ್ದಾರೋ, ಗೊತ್ತಾಗುವುದಿಲ್ಲ. ಹುಲ್ಲಿಗೆ ಹೋಗೋ ಹಾಗಿಲ್ಲ, ಸ್ನಾನಕ್ಕೆ ಹೋಗೋ ಹಾಗಿಲ್ಲ. ಎರಡನೆಯದು, ಬೆಂಗಳೂರಿನ ಆ ಬೆಂಚಿನ ಮೇಲೆ ಇವರಂಥದೇ ಕಾಯಿಲೆಯವರು ಸಿಗುತ್ತಿದ್ದರು. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಬೆಳಿಗ್ಗೆ ಕಣ್ಣಿನ ಸುತ್ತ ಊದುವುದು ಈ ಮಾತ್ರೆಯಿಂದ ಆಗುತ್ತೆ, ಗಾಬರಿಯಾಗಬೇಡಿ, ಡಾಕ್ಟರಿಗೆ ಹೇಳಿ ಅಂತ ಧೈರ್ಯ ಕೊಟ್ಟವರು ಆ ಬೆಂಚಿನವರು. ವೀಡಿಯೊದಲ್ಲಿ ಡಾಕ್ಟರು ಸಿಗ್ತಾರೆ, ಬೆಂಚು ಸಿಗಲ್ಲ ಅಂತಾರೆ ಭಾವ.

ಇನ್ನೊಂದು ಅನುಭವ ಇದೇ ರಾಜೀವನಗರದ್ದು. ಹೆಸರು, ಬೀದಿ ಹೇಳುವುದಿಲ್ಲ. ಅಗರಬತ್ತಿ ಹೊಸೆದು ಜೀವನ ಮಾಡುವ ತಾಯಿ, ಹತ್ತು ವರ್ಷದ ಮಗನಿಗೆ ಥಲಸ್ಸೀಮಿಯಾ. ಇಲ್ಲಿಂದ ದೊಡ್ಡಾಸ್ಪತ್ರೆ ದೂರವೇನಿಲ್ಲ, ಸಿಟಿ ಬಸ್ಸಿನಲ್ಲಿ ಹೋಗಬಹುದು. ಆದರೆ ಲೆಕ್ಕಕ್ಕೆ ಕೂಲಿ ಸಿಗುವವರಿಗೆ ಒಂದು ದಿನ ಅಂದರೆ ಒಂದು ದಿನದ ಊಟ. ದೂರ ಅನ್ನುವುದು ಬರೀ ಕಿಲೋಮೀಟರಿನ ಲೆಕ್ಕ ಅಲ್ಲ ಅಂತ ನನಗೆ ಗೊತ್ತಾದದ್ದು ಆ ಮನೆಯಲ್ಲಿ. ರಕ್ತ ಹಾಕಿಸಲು ಹೇಗೂ ಹೋಗಲೇಬೇಕು, ಅದಕ್ಕೆ ವೀಡಿಯೊ ಇಲ್ಲ. ಆದರೆ ಮತ್ತೆಮತ್ತೆ ರಕ್ತ ಹಾಕಿಸಿದ ಮಕ್ಕಳ ಮೈಯಲ್ಲಿ ಕಬ್ಬಿಣದ ಅಂಶ ಸೇರುತ್ತಾ ಹೋಗುತ್ತದೆ. ಅದು ಹೃದಯಕ್ಕೂ ಯಕೃತ್ತಿಗೂ ಕೆಟ್ಟದ್ದು. ಅದಕ್ಕೆ ಮೂರು ತಿಂಗಳಿಗೊಮ್ಮೆ ಫೆರಿಟಿನ್ ಪರೀಕ್ಷೆ ಮಾಡಿ, ಕಬ್ಬಿಣ ಇಳಿಸುವ ಮಾತ್ರೆ ಎಷ್ಟು ಅಂತ ಹೇಳಬೇಕು. ಈ ಭಾಗ ವೀಡಿಯೊದಲ್ಲಿ ಆಗುತ್ತಿತ್ತು.

ಆ ತಾಯಿಯ ಮನೆಮಾತು ಉರ್ದು. ಕನ್ನಡದಲ್ಲಿ ಹಾಲು, ತರಕಾರಿ ವ್ಯಾಪಾರ ಚೆನ್ನಾಗಿಯೇ ಮಾಡ್ತಾರೆ. ಆದರೆ ಡಾಕ್ಟರು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ವೇಗವಾಗಿ ಹೇಳಿದರೆ ಹಿಡಿಯಲು ಆಗುವುದಿಲ್ಲ. ಹಾಗಾಗಿ ಫೋನು ಮಗನ ಕೈಗೆ ಹೋಯಿತು. ಶಾಲೆಗೆ ಹೋಗುವ ಹುಡುಗ, ಎರಡು ಭಾಷೆ ಬರುತ್ತೆ. ಡಾಕ್ಟರು ಹೇಳಿದ್ದನ್ನು ಅವನು ಅಮ್ಮನಿಗೆ ಹೇಳೋದು. ಯೋಚನೆ ಮಾಡಿ, ಹತ್ತು ವರ್ಷದ ಮಗು ತನ್ನ ಕಾಯಿಲೆಯ ಸುದ್ದಿ ತಾನೇ ಮೊದಲು ಕೇಳಿ, ತಾನೇ ತಾಯಿಗೆ ಹೇಳಬೇಕು. ಒಂದು ಸಲ ಕಬ್ಬಿಣ ಜಾಸ್ತಿಯಾಗಿದೆ, ಮಾತ್ರೆ ತಪ್ಪಿಸುತ್ತಿದ್ದಾನೆ ಅಂತ ಕಾಣುತ್ತೆ, ಹೀಗೇ ಆದರೆ ಹೃದಯಕ್ಕೆ ಅಪಾಯ ಅಂತ ಡಾಕ್ಟರು ಹೇಳಿದರು. ಹುಡುಗ ಅಮ್ಮನಿಗೆ, ‘ಎಲ್ಲಾ ಚೆನ್ನಾಗಿದೆಯಂತೆ, ಮಾತ್ರೆ ತಗೋಬೇಕಂತೆ’ ಅಂದ. ಅಮ್ಮ ಅಳಬಾರದು ಅಂತ ಹಾಗೆ ಹೇಳಿದನಂತೆ. ಮುಂದಿನ ಸಲ ರಕ್ತ ಹಾಕಿಸಲು ಹೋದಾಗ ಉರ್ದು ಬಲ್ಲ ಒಬ್ಬ ನರ್ಸಮ್ಮನಿಂದ ನಿಜ ಗೊತ್ತಾಯಿತು. ಆ ಮಗುವಿನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸು ಬಾರದು. ದೊಡ್ಡವರು ಹೊರಬೇಕಾದ ಹೊರೆ ಅದು.

ಮೂರನೆಯದನ್ನು ಹೇಳುವಾಗ ನಾನು ಜಾಗ್ರತೆಯಿಂದ ಹೇಳಬೇಕು. ಆ ಹೆಣ್ಣುಮಗಳು ನಮ್ಮ ಮನೆಯವರ ಹತ್ತಿರ ಹೇಳಿಕೊಂಡು, ಊರು ಹೆಸರು ಬಿಟ್ಟು ಸಭೆಯಲ್ಲಿ ಹೇಳಿ ಅಂತ ಒಪ್ಪಿಗೆ ಕೊಟ್ಟಿದ್ದಾಳೆ. ಮದುವೆಯಾಗಿ ಎರಡು ವರ್ಷ. ಪ್ಲೇಟ್‌ಲೆಟ್ ಕಡಿಮೆಯಾಗುವ ಕಾಯಿಲೆ. ಪ್ಲೇಟ್‌ಲೆಟ್ ಇಳಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಮೈಮೇಲೆ ನೀಲಿ ಕಲೆ ಬೀಳುತ್ತೆ, ವಸಡಿನಲ್ಲಿ ರಕ್ತ ಬರುತ್ತೆ, ಹೆಂಗಸರಿಗೆ ಮುಟ್ಟಿನ ಸಮಯದಲ್ಲಿ ವಿಪರೀತ ರಕ್ತಸ್ರಾವ ಆಗುತ್ತೆ. ಮನೆಯಲ್ಲಿ ವೀಡಿಯೊ ಬರುವ ಫೋನು ಇದ್ದದ್ದು ಮೈದುನನ ಹತ್ತಿರ ಒಂದೇ. ಡಾಕ್ಟರ ಕರೆ ಬಂತು. ನಡುಮನೆಯಲ್ಲಿ ಗೋಡೆಗೆ ಫೋನು ಒರಗಿಸಿ ಎಲ್ಲರೂ ಕೂತರು. ಅತ್ತೆ, ಮಾವ, ಗಂಡ, ಮೈದುನ, ಪಕ್ಕದ ಮನೆಯವರೊಬ್ಬರು. ಪ್ರೀತಿಯಿಂದಲೇ ಕೂತದ್ದು, ಕೆಟ್ಟ ಮನಸ್ಸಿನವರು ಯಾರೂ ಅಲ್ಲ. ‘ಹೇಗಿದ್ದೀಯಮ್ಮ, ರಕ್ತ ಹೆಚ್ಚು ಹೋಗ್ತಿದೆಯಾ’ ಅಂತ ಡಾಕ್ಟರು ಕೇಳಿದರು. ಮೈದುನನ ಮುಂದೆ, ಮಾವನ ಮುಂದೆ ಯಾವ ಸೊಸೆ ಬಾಯಿಬಿಡ್ತಾಳೆ? ‘ಚೆನ್ನಾಗಿದ್ದೀನಿ ಡಾಕ್ಟ್ರೇ’ ಅಂದಳು. ಉಳಿದದ್ದಕ್ಕೆಲ್ಲ ಅತ್ತೆಯೇ ಉತ್ತರ ಹೇಳಿದರು. ಹದಿನೈದು ದಿನ ಕಳೆದ ಮೇಲೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ಹೀಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ಹೆಂಗಸರಿಗೆ ಅದು 12 ಇರಬೇಕು. ಎರಡು ಬಾಟಲು ರಕ್ತ ಹಾಕಿ ಉಳಿಸಿದರು.

ಇಲ್ಲಿ ಯಂತ್ರದ ದೋಷ ಇಲ್ಲ, ಡಾಕ್ಟರ ದೋಷ ಇಲ್ಲ. ಆಸ್ಪತ್ರೆಯಲ್ಲಾಗಿದ್ದರೆ ಡಾಕ್ಟರು ‘ಎಲ್ಲರೂ ಸ್ವಲ್ಪ ಹೊರಗಿರಿ’ ಅನ್ನುತ್ತಿದ್ದರು, ಒಂದು ಪರದೆ ಎಳೆಯುತ್ತಿದ್ದರು. ನಮ್ಮ ಮನೆಗಳಲ್ಲಿ ಆ ಪರದೆ ಇಲ್ಲ. ಆಸ್ಪತ್ರೆ ಮನೆಗೆ ಬಂತು, ಆದರೆ ಆಸ್ಪತ್ರೆಯ ಬಾಗಿಲು ಬರಲಿಲ್ಲ. ಹುಟ್ಟಿನಿಂದ ಬರುವ ಕಾಯಿಲೆಗಳಲ್ಲಿ ಈ ಗುಟ್ಟು ಇನ್ನೂ ಮುಖ್ಯ. ಥಲಸ್ಸೀಮಿಯಾ, ಸಿಕಲ್ ಸೆಲ್ ಇವುಗಳಲ್ಲಿ ‘ವಾಹಕರು’ ಅಂತ ಇರುತ್ತಾರೆ. ಅವರಿಗೆ ಕಾಯಿಲೆ ಇಲ್ಲ, ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೇ ಕಾಯಿಲೆಯ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ 100ಕ್ಕೆ 25. ಸೋದರ ಸಂಬಂಧದಲ್ಲಿ ಮದುವೆ ಮಾಡುವ ನಮ್ಮಂಥವರು ಮದುವೆಗೆ ಮುಂಚೆಯೇ ಒಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಆದರೆ ಡಾಕ್ಟರು ವೀಡಿಯೊದಲ್ಲಿ ಹೇಳಿದ ‘ವಾಹಕಿ’ ಅನ್ನುವ ಒಂದು ಪದ ಜಗಲಿ ದಾಟಿದರೆ ಊರು ಅದನ್ನು ‘ರೋಗಿಷ್ಟೆ’ ಅಂತ ಮಾಡಿಬಿಡುತ್ತೆ. ಬರುವ ಸಂಬಂಧ ತಪ್ಪಿಹೋಗುತ್ತೆ. ಹೀಗಾಗುವ ಭಯಕ್ಕೇ ಎಷ್ಟೋ ಮನೆಯವರು ಪರೀಕ್ಷೆಗೇ ಹೋಗುವುದಿಲ್ಲ.

ನಾಲ್ಕನೆಯದು ಚಿಕ್ಕದು, ಆದರೆ ಎಚ್ಚರಿಕೆಯದು. ಹೀಮೋಫಿಲಿಯಾ ಇರುವ ಒಬ್ಬ ಹುಡುಗ ಬೆಳಿಗ್ಗೆ ಜಾರಿ ಬಿದ್ದ. ಮಂಡಿ ಬಿಸಿಯಾಗಿ ಊದಲು ಶುರುವಾಯಿತು. ಮನೆಯವರು, ಹೇಗೂ ಸಾಯಂಕಾಲ ನಾಲ್ಕಕ್ಕೆ ವೀಡಿಯೊ ಇದೆಯಲ್ಲ, ಆಗ ಕೇಳೋಣ ಅಂತ ಕಾದರು. ಹೀಮೋಫಿಲಿಯಾದಲ್ಲಿ ಕಾಯಬಾರದು. ಫ್ಯಾಕ್ಟರ್ ಅನ್ನುವ ಇಂಜೆಕ್ಷನ್ ಎಷ್ಟು ಬೇಗ ಬಿದ್ದರೆ ಕೀಲು ಅಷ್ಟು ಉಳಿಯುತ್ತೆ. ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ಆ ಹುಡುಗನ ಮಂಡಿ ಸರಿಹೋಗಲು ಎಷ್ಟೋ ವಾರ ಹಿಡಿಯಿತು.

ಆದ್ದರಿಂದ ತಾಯಂದಿರೇ, ಅಣ್ಣತಮ್ಮಂದಿರೇ, ಇದೊಂದನ್ನು ನೆನಪಿಡಿ. ಔಷಧಿ ಮುಂದುವರಿಸುವುದು, ರಿಪೋರ್ಟು ತೋರಿಸಿ ಕೇಳುವುದು, ಮಾತ್ರೆಯಿಂದ ಆಗುವ ಸಣ್ಣ ತೊಂದರೆ ಹೇಳುವುದು, ಇದಕ್ಕೆಲ್ಲ ವೀಡಿಯೊ ಸಾಕು. ಆದರೆ ರಕ್ತದ ಕ್ಯಾನ್ಸರಿಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರಿಗೆ 100.4 ಡಿಗ್ರಿ ಜ್ವರ ಬಂದರೆ, ಸಿಕಲ್ ಸೆಲ್ ಮಗುವಿಗೆ ಜ್ವರವೋ ಎದೆನೋವೋ ಏದುಸಿರೋ ಬಂದರೆ, ಹೀಮೋಫಿಲಿಯಾದವರಿಗೆ ತಲೆಗೆ ಪೆಟ್ಟು ಬಿದ್ದರೆ ಅಥವಾ ಕೀಲು ಊದಿದರೆ, ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ನಿಲ್ಲದೆ ರಕ್ತ ಹೋದರೆ ವೀಡಿಯೊಗೆ ಕಾಯಬೇಡಿ. ಆಟೋ ಹಿಡಿಯಿರಿ, 108ಕ್ಕೆ ಫೋನು ಮಾಡಿ, ಹೊರಡಿ.

ಇನ್ನು ಸಂಘದ ಹತ್ತಿರ ಕೇಳಿಕೊಳ್ಳಬೇಕಾದ ವಿಷಯ. ಡೇರಿ ಕಟ್ಟಡದ ಹಿಂದೆ ಹಳೆಯ ಫ್ಯಾಟ್ ಯಂತ್ರ, ಖಾಲಿ ಮೂಟೆ ತುಂಬಿರುವ ಕೋಣೆ ಇದೆ. ಅದಕ್ಕೆ ಒಂದು ಬಾಗಿಲು ಇದೆ, ಒಳಗಿನಿಂದ ಚಿಲಕ ಇದೆ. ಅದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಒಂದು ಮೇಜು, ಎರಡು ಕುರ್ಚಿ, ಒಂದು ಒಳ್ಳೆಯ ದೀಪ, ಸಂಘದ ಒಂದು ಫೋನು ಇಡಬೇಕು. ವಾರದಲ್ಲಿ ಒಂದು ಅರ್ಧ ದಿನ, ಬೆಳಗಿನ ಹಾಲು ಹೋದ ಮೇಲೆ, ವೀಡಿಯೊ ಡಾಕ್ಟರನ್ನು ನೋಡಬೇಕಾದವರಿಗೆ ಅದು ಮೀಸಲು. ಸದಸ್ಯರಲ್ಲದ ರಾಜೀವನಗರದ ನೆಂಟರಿಗೂ ತೆರೆದಿರಲಿ.

ಎರಡನೆಯದು, ರಿಪೋರ್ಟುಗಳ ಫೋಟೋ ತೆಗೆದು ಮೊದಲೇ ಕಳಿಸಲು, ಕೇಳಬೇಕಾದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಲು ಒಬ್ಬ ಹೆಣ್ಣುಮಗಳು ಇರಬೇಕು. ಉರ್ದು ಬಲ್ಲವರೊಬ್ಬರು ರಾಜೀವನಗರದಿಂದ ಬರಲಿ. ಇನ್ನು ಮೇಲೆ ಮಕ್ಕಳ ಕೈಲಿ ಅವರ ಕಾಯಿಲೆಯ ಸುದ್ದಿ ಹೇಳಿಸುವುದು ಬೇಡ. ಮಾತುಕತೆ ನಡೆಯುವಾಗ ಒಳಗೆ ರೋಗಿ ಇರುತ್ತಾರೆ, ರೋಗಿ ಯಾರನ್ನು ಬೇಕು ಅನ್ನುತ್ತಾರೋ ಅವರು ಇರುತ್ತಾರೆ, ಅಷ್ಟೇ. ಮಕ್ಕಳಾದರೆ ಜೊತೆಗೆ ತಂದೆ ತಾಯಿ. ಉಳಿದವರು, ಅತ್ತೆಯಾಗಲಿ, ನಿರ್ದೇಶಕನಾಗಲಿ, ಬಾಗಿಲ ಹೊರಗೆ. ಅಲ್ಲಿ ಕೇಳಿದ ಮಾತು ಹಾಲಿನ ಸಾಲಿನಲ್ಲಿ ಹೊರಬಿದ್ದರೆ ಅಂಥವರನ್ನು ಆ ಕೆಲಸದಿಂದ ತೆಗೆಯಬೇಕು.

ಮೂರನೆಯದು, ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಅದು ನನ್ನ ಭಾವನವರ ಕೋರಿಕೆ.

ನಾಲ್ಕನೆಯದು ಒಂದು ಮಾಹಿತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೀಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅದರ ಗುರುತಿನ ಚೀಟಿಗೆ ಅರ್ಜಿ ಹಾಕಲು ಅದೇ ಕೋಣೆಯಲ್ಲಿ ಸಹಾಯ ಮಾಡಬಹುದು.

ಹಾಲಿನ ಸಂಘಕ್ಕೂ ರಕ್ತದ ಕಾಯಿಲೆಗೂ ಏನಯ್ಯಾ ಸಂಬಂಧ ಅಂತ ಕಮಿಟಿಯಲ್ಲಿ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅವರು ಕೇಳಿದ್ದು ಸರಿ. ಸಂಘದ ದುಡ್ಡು ಸದಸ್ಯರ ಬೆವರು. ನಾನು ಅವರಿಗೆ ಹೇಳಿದ್ದು ಇಷ್ಟೇ. ಹಸು ಮೇವು ಬಿಟ್ಟರೆ ನಾವು ಮೊದಲು ಫೋನು ಮಾಡುವುದು ಸಂಘಕ್ಕೆ, ಪಶುವೈದ್ಯರನ್ನು ಕರೆಸುವುದು ಸಂಘದ ಮೂಲಕ. ಹಸುವಿಗೆ ಮಾಡುವುದನ್ನು ಹಸು ಸಾಕುವ ಹೆಣ್ಣುಮಗಳಿಗೆ ಮಾಡಬಾರದೇ? ಸಹಕಾರಿಗಳು ಆರೋಗ್ಯಕ್ಕೆ ಕೈಹಾಕುವುದು ಹೊಸದೂ ಅಲ್ಲ. 2003ರಲ್ಲಿ ಯಶಸ್ವಿನಿ ಯೋಜನೆ ಜಾರಿಗೆ ಬಂದಾಗ ವರ್ಷಕ್ಕೆ 60 ರೂಪಾಯಿ ಕಟ್ಟಿ ಸಹಕಾರ ಸಂಘಗಳ ಸದಸ್ಯರು ದೊಡ್ಡ ದೊಡ್ಡ ಆಪರೇಷನ್ ಮಾಡಿಸಿಕೊಂಡರು. 2018ರಲ್ಲಿ ಅದು ಬೇರೆ ಯೋಜನೆಯಲ್ಲಿ ಸೇರಿ ನಿಂತುಹೋಗಿ, 2023ರಿಂದ ಮತ್ತೆ ನಡೆಯುತ್ತಿದೆ. ಯಶಸ್ವಿನಿ ಮುಖ್ಯವಾಗಿ ಆಪರೇಷನ್‌ಗೆಂದು ಹುಟ್ಟಿದ್ದು. ತಿಂಗಳು ತಿಂಗಳು ಓಡಾಡುವ ರಕ್ತದ ಕಾಯಿಲೆಯವರ ಬಸ್‌ಚಾರ್ಜು, ಕೂಲಿ ನಷ್ಟ ಅದರಲ್ಲಿ ಬರುವುದಿಲ್ಲ. ಆ ಖಾಲಿ ಜಾಗವನ್ನು ನಾವು ಒಂದು ಕೋಣೆಯಿಂದ ತುಂಬಬಹುದು. ಖರ್ಚು ಸುಣ್ಣದ್ದು, ಕರೆಂಟಿನದು, ಫೋನಿನದು.

ಬೆಳ್ಳಿಹಬ್ಬದ ನೆನಪಿಗೆ ಕಮಾನು ಕಟ್ಟಿಸಬೇಕು ಅಂತ ಕೆಲವರ ಆಸೆ ಇದೆ. ಕಮಾನು ಬೇಡ ಅಂತ ನಾನು ಹೇಳುವುದಿಲ್ಲ. ಮೊದಲು ಕೋಣೆ ಆಗಲಿ ಅಂತ ಮಾತ್ರ ಕೇಳುತ್ತೇನೆ. ಈ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಮಂಡಿಸಲು ಅಧ್ಯಕ್ಷರು ಒಪ್ಪಿದ್ದಾರೆ. ದಯವಿಟ್ಟು ಬನ್ನಿ. ಮನೆಯಲ್ಲಿ ಹಾಲು ಕರೆಯುವವರು ಯಾರೋ ಅವರನ್ನೂ ಕರೆತನ್ನಿ. ಹೆಂಗಸರು ಬಂದು ಕೈ ಎತ್ತಿದರೆ ಈ ನಿರ್ಣಯ ಬಿದ್ದುಹೋಗುವುದಿಲ್ಲ ಅಂತ ನನಗೆ ನಂಬಿಕೆ ಇದೆ.